ಹಾಡು ಫ್ರೀ, ದುಡ್ಡು ಯಾರಿಗೆ?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ತೋಟದಲ್ಲಿ ಅಡಿಕೆ ಹೆಕ್ಕುತ್ತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಆನ್‌ಲೈನ್ ಮ್ಯೂಸಿಕ್ ಪೈರಸಿ. ಈ ವಿಷಯ ಬಂದಾಗೆಲ್ಲ ಬಾಲಿವುಡ್, ಹಾಲಿವುಡ್ ಅಂತ ಶುರುವಾಗುತ್ತೆ. ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಓಡಾಡೋನು. ಅಲ್ಲಿ ನಿಂತು ನೋಡಿದ್ರೆ ಈ ಕತೆ ಸ್ವಲ್ಪ ಬೇರೆ ಥರ ಕಾಣುತ್ತೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ರಾಗ. ಕನ್ನಡದಲ್ಲಿ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಅಂತ ಇದನ್ನ ಹೇಳ್ತಾರೆ. ಸಾಗರ ತಾಲ್ಲೂಕಿನ ಜೋಗ ಎಲ್ಲರ ಬಾಯಲ್ಲಿ ಬಂದಿದ್ದು ಆ ಹಾಡಿಂದ. ಆಗಲೂ ನಕಲು ಇತ್ತು. ಒಬ್ಬರು ಅಸಲಿ ಕ್ಯಾಸೆಟ್ ತಗೊಂಡ್ರೆ ಊರಿನ ನಾಲ್ಕು ಮನೆಯವರು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳೋರು. ಆದರೆ ಪ್ರತಿ ಸಲ ನಕಲು ಮಾಡಿದಾಗ ಧ್ವನಿ ಸ್ವಲ್ಪ ಮಂಕಾಗ್ತಿತ್ತು, ಆಮೇಲೆ ರೀಲು ಸುತ್ತಿಕೊಳ್ತಿತ್ತು. ಹಾಗಾಗಿ ಅಸಲಿಗೂ ಒಂದು ಬೆಲೆ ಉಳಿದಿತ್ತು.

ಎಂಪಿತ್ರೀ ಬಂದಮೇಲೆ ಆ ಬೆಲೆ ಹೋಯ್ತು. ಸಾವಿರನೇ ನಕಲೂ ಮೊದಲನೇ ನಕಲಿನಷ್ಟೇ ಚೆನ್ನಾಗಿರುತ್ತೆ. ‘ಮುಂಗಾರು ಮಳೆ’ ನೆನಪಿದೆಯಲ್ಲ? 2006ರ ಡಿಸೆಂಬರ್ ಕೊನೆಗೆ ತೆರೆಗೆ ಬಂತು, ಜೋಗದಲ್ಲೂ ಶೂಟಿಂಗ್ ಆಗಿತ್ತು. ಆ ಸಿನಿಮಾದ ಹಾಡು ಕೇಳದ ಮನೆ ಇರಲಿಲ್ಲ. ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್ ಕೊಟ್ರೆ ಸಾಕು, ಸ್ವಲ್ಪ ದುಡ್ಡಿಗೆ ಕಾರ್ಡ್ ತುಂಬಾ ಹಾಡು. ಆ ದುಡ್ಡಲ್ಲಿ ಸಂಗೀತ ಮಾಡಿದವರಿಗೆ, ಬರೆದವರಿಗೆ, ಹಾಡಿದವರಿಗೆ ಒಂದು ಪೈಸೆ ಹೋಗ್ತಿರಲಿಲ್ಲ. ಅಂಗಡಿಯವರನ್ನೇ ಕಳ್ಳರು ಅನ್ನೋಕೂ ನನಗೆ ಮನಸ್ಸಿಲ್ಲ. ನಿನ್ನೆವರೆಗೆ ಅಸಲಿ ಕ್ಯಾಸೆಟ್ ಮಾರ್ತಿದ್ದ ಎಷ್ಟೋ ಜನ, ವ್ಯಾಪಾರ ನಿಂತಮೇಲೆ ರೀಚಾರ್ಜ್ ಮತ್ತು ಡೌನ್‌ಲೋಡ್ ಅಂತ ಬೋರ್ಡ್ ಬದಲಾಯಿಸಿದವರು.

ಇಲ್ಲಿ ಒಂದು ವಿಷಯ ಗಮನಿಸಿ. ಸಿನಿಮಾ ಹಾಡಿಗೆ ಆಗಿದ್ದ ನಷ್ಟ ತುಂಬಿಕೊಳ್ಳೋಕೆ ಬೇರೆ ದಾರಿ ಇತ್ತು. ಥಿಯೇಟರ್ ಇತ್ತು, ಟಿವಿ ಹಕ್ಕು ಇತ್ತು. ಭಾವಗೀತೆಗೆ, ಜಾನಪದಕ್ಕೆ, ದೇವರನಾಮಕ್ಕೆ ಕ್ಯಾಸೆಟ್ ಬಿಟ್ರೆ ಏನಿತ್ತು? ಕ್ಯಾಸೆಟ್ ಮಾರಾಟ ನಿಂತಮೇಲೆ ಹೊಸಬರ ಆಲ್ಬಮ್‌ಗೆ ದುಡ್ಡು ಹಾಕೋರು ಯಾರು? ಪೈರಸಿ ಮೊದಲು ತಿಂದಿದ್ದು ದೊಡ್ಡವರನ್ನಲ್ಲ, ಸಣ್ಣವರನ್ನ ಅಂತ ನಾನು ಹೇಳೋದು ಇದಕ್ಕೇ.

ಹೊರಗಿನ ಜಗತ್ತಲ್ಲೂ ಇದೇ ಆಯ್ತು. 1999ರಲ್ಲಿ ನ್ಯಾಪ್‌ಸ್ಟರ್ ಬಂತು, 2001ರಲ್ಲಿ ಕೋರ್ಟ್ ಅದನ್ನ ನಿಲ್ಲಿಸ್ತು, ಆದರೆ ಅಭ್ಯಾಸ ನಿಲ್ಲಲಿಲ್ಲ. ಜಗತ್ತಿನ ಮ್ಯೂಸಿಕ್ ಕಂಪನಿಗಳ ಆದಾಯ ಇಳೀತಾ ಇಳೀತಾ 2014ಕ್ಕೆ ತಳ ಮುಟ್ತು. ಆಮೇಲೆ ಮೇಲೆತ್ತಿದ್ದು ಸ್ಟ್ರೀಮಿಂಗ್. ನಮ್ಮಲ್ಲಿ 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತು, 2019ರಲ್ಲಿ ಸ್ಪಾಟಿಫೈ ಬಂತು, ಯೂಟ್ಯೂಬ್ ಅಂತೂ ಇದ್ದೇ ಇತ್ತು. ಫ್ರೀಯಾಗಿ, ಕಾನೂನುಬದ್ಧವಾಗಿ ಸಿಗುವಾಗ ಕದಿಯೋದ್ಯಾಕೆ?

ಆದರೂ ಕದೀತಾರೆ. ಯೂಟ್ಯೂಬ್ ಲಿಂಕ್ ಹಾಕಿದ್ರೆ ಎಂಪಿತ್ರೀ ಮಾಡಿಕೊಡೋ ವೆಬ್‌ಸೈಟ್‌ಗಳು ನಿಮಗೂ ಗೊತ್ತು. ಸ್ಟ್ರೀಮ್ ರಿಪ್ಪಿಂಗ್ ಅಂತಾರೆ. ಹೊಸನಗರದ ಒಳಗಿನ ಊರುಗಳಿಗೆ, ಶರಾವತಿ ಹಿನ್ನೀರಿನ ಆಚೆ ಹೋಗಿ ನೋಡಿ, ಇದಕ್ಕೆ ಬೇರೇನೇ ಕಾರಣ ಸಿಗುತ್ತೆ. ಸಿಗ್ನಲ್ ಇಲ್ಲ ಮಾರಾಯ್ರೆ! ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಅಭಿಯಾನ ಮಾಡಿದ ಸೀಮೆ ಇದು. ಲಾಕ್‌ಡೌನಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿದ್ರು. ಪೇಟೆಗೆ ಬಂದಾಗ ಫೋನ್ ತುಂಬಾ ಹಾಡು ಇಳಿಸಿಕೊಂಡು ಹೋಗೋದು ಅವರಿಗೆ ಕಳ್ಳತನ ಅಂತ ಅನಿಸೋದೇ ಇಲ್ಲ, ಪೇಟೆಯಿಂದ ಸೀಮೆಎಣ್ಣೆ ತಂದಿಟ್ಟುಕೊಂಡ ಹಾಗೆ. ಆ್ಯಪ್‌ಗಳಲ್ಲಿ ಆಫ್‌ಲೈನ್ ಡೌನ್‌ಲೋಡ್ ಇದೆ, ಆದರೆ ಸಾಮಾನ್ಯವಾಗಿ ದುಡ್ಡು ಕೊಟ್ಟವರಿಗೆ. ಸಿಗ್ನಲ್ ಇದ್ದವನಿಗೆ ಫ್ರೀ, ಇಲ್ಲದವನಿಗೆ ಪ್ರೀಮಿಯಂ. ಇದು ತಲೆಕೆಳಗಾದ ಲೆಕ್ಕ ಅಂತ ನನ್ನ ಅಭಿಪ್ರಾಯ.

ಈಗ ನಮ್ಮ ಕಡೆಯ ದೊಡ್ಡ ಸಂಗೀತಕ್ಕೆ ಬರೋಣ. ಯಕ್ಷಗಾನ. ಕುಣಿತ, ವೇಷ ಅಂತ ಎಷ್ಟು ಹೇಳಿದ್ರೂ ಆಟ ನಡೆಸೋರು ಭಾಗವತರು. ಪದ್ಯ, ಮದ್ದಲೆ, ಚಂಡೆ ಇಲ್ಲದೆ ಏನಿದೆ?

ಕಾಳಿಂಗ ನಾವಡರ ಹೆಸರು ಕೇಳಿರ್ತೀರಿ. ಸಾಲಿಗ್ರಾಮ ಮೇಳದ ಭಾಗವತರು, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೆರಡರ ಆಸುಪಾಸು. ಅವರು ಹೋದಮೇಲೆ ಹುಟ್ಟಿದವರೂ ಇವತ್ತು ಅವರ ಪದ್ಯ ಕೇಳ್ತಾರೆ. ಅದರಲ್ಲಿ ಎಷ್ಟೋ ಪದ್ಯ ಉಳಿದಿದ್ದು ಸ್ಟುಡಿಯೋದಿಂದಲ್ಲ, ಆಟಕ್ಕೆ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಬಂದ ಅಭಿಮಾನಿಗಳಿಂದ. ಕಾನೂನಿನ ಕಣ್ಣಲ್ಲಿ ಏನೇ ಇರಲಿ, ಅವರು ಮುಂದಿನವರಿಗೆ ಒಂದು ಸ್ವರ ಉಳಿಸಿಕೊಟ್ರು. ಅದಕ್ಕೇ ‘ರೆಕಾರ್ಡ್ ಮಾಡಬೇಡಿ’ ಅಂತ ಒಂದೇ ಮಾತಲ್ಲಿ ಹೇಳಿಬಿಡೋಕೆ ನನಗೆ ಆಗಲ್ಲ.

ಆದರೆ ಆ ಟೇಪು ಮನೆಯಿಂದ ಮನೆಗೆ ಹೋಗ್ತಿತ್ತು, ಅಷ್ಟೇ. ಇವತ್ತು ಆಟದ ಎದುರು ಫೋನ್ ಹಿಡಿದು ನಿಂತವರು ಬೆಳಗಾಗೋದರೊಳಗೆ ಪದ್ಯನ ಚಾನೆಲ್‌ಗೆ ಹಾಕ್ತಾರೆ. ಸಾವಿರ ಸಬ್‌ಸ್ಕ್ರೈಬರ್, ವರ್ಷಕ್ಕೆ ನಾಲ್ಕು ಸಾವಿರ ಗಂಟೆ ವೀಕ್ಷಣೆ ದಾಟಿದ್ರೆ ಜಾಹೀರಾತಿನ ಪಾಲು ಚಾನೆಲ್‌ನವರಿಗೆ ಬರುತ್ತೆ. ಭಾಗವತರಿಗೆ? ಕಾಮೆಂಟಲ್ಲಿ ‘ಸೂಪರ್’.

ಎಲ್ಲ ಮೇಳಕ್ಕೂ ಪೆಟ್ಟು ಒಂದೇ ಥರ ಅಲ್ಲ. ಮಂದಾರ್ತಿಯಂಥ ಹರಕೆ ಮೇಳದ ಆಟದ ಖರ್ಚು ಹರಕೆ ಹೊತ್ತವರದು, ನೋಡೋರಿಗೆ ಟಿಕೆಟ್ ಇಲ್ಲ. ವಿಡಿಯೋ ಹಾಕಿದ್ರೂ ನಾಳೆಯ ಆಟ ನಿಲ್ಲಲ್ಲ. ಡೇರೆ ಮೇಳ ಹಾಗಲ್ಲ. ಟಿಕೆಟ್ ಮಾರಿಯೇ ಸಂಬಳ, ಲಾರಿ ಬಾಡಿಗೆ, ಊಟ ಎಲ್ಲ ಆಗಬೇಕು. ಘಟ್ಟ ಹತ್ತಿ ತೀರ್ಥಹಳ್ಳಿಗೋ ಸಾಗರಕ್ಕೋ ಬರುವ ಹೊತ್ತಿಗೆ ಈ ವರ್ಷದ ಹೊಸ ಪ್ರಸಂಗದ ಒಳ್ಳೊಳ್ಳೆ ಪದ್ಯ ಎಲ್ಲ ವಾಟ್ಸಾಪಲ್ಲಿ ಬಂದಿರುತ್ತೆ. ತೀರ್ಥಹಳ್ಳಿಯಲ್ಲಿ ಸಿಕ್ಕ ಒಬ್ಬ ಮದ್ದಲೆಗಾರರನ್ನ ಕೇಳಿದೆ. “ಕ್ಲಿಪ್ ನೋಡಿ ಆಟಕ್ಕೆ ಬರೋರೂ ಉಂಟು, ಕ್ಲಿಪ್ ಸಾಕು ಅಂತ ಮನೇಲೇ ಉಳಿಯೋರೂ ಉಂಟು. ಎರಡರಲ್ಲಿ ಯಾವುದು ಜಾಸ್ತಿ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು? ಗೊತ್ತಾಗೋದು ಚಾನೆಲಿನವ್ರಿಗೆ” ಅಂದ್ರು. ಹೌದಲ್ವಾ, ಎಷ್ಟು ಜನ ನೋಡಿದ್ರು, ಎಲ್ಲಿಂದ ನೋಡಿದ್ರು ಅನ್ನೋ ಲೆಕ್ಕ ಪೂರ್ತಿ ಇರೋದು ಚಾನೆಲ್‌ನವರ ಕೈಯಲ್ಲಿ. ಬಾರಿಸಿದವರಿಗೆ ಅದೂ ಸಿಗಲ್ಲ.

ಕಾನೂನು ಏನು ಹೇಳುತ್ತೆ? ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಸೇರಿಸಿದ್ರು. ಪ್ರದರ್ಶಕ ಅಂದ್ರೆ ಯಾರು? ನಟ, ಗಾಯಕ, ವಾದಕ, ನರ್ತಕ, ಇನ್ನೂ ಕೆಲವರು, ಜೊತೆಗೆ ಹಾವಾಡಿಗ! ತಮಾಷೆ ಅಲ್ಲ, ಕಾಯ್ದೆಯಲ್ಲಿ ಹಾಗೇ ಇದೆ. ಹಾವಾಡಿಗನಿಗೆ ಇದ್ದ ಹಕ್ಕು ಭಾಗವತರಿಗೆ ಇಲ್ಲದೆ ಇರುತ್ತಾ? ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ದುಡ್ಡು ಮಾಡೋ ಹಾಗಿಲ್ಲ, ಈ ಹಕ್ಕು 50 ವರ್ಷ ಇರುತ್ತೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯ್ತು. ಸಿನಿಮಾ ಹಾಡು ಥಿಯೇಟರಿನ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಬರೆದವರಿಗೂ ಸಂಗೀತ ಕೊಟ್ಟವರಿಗೂ ಸಮಪಾಲು. ನಿರ್ಮಾಪಕರು ಕಾಗದದ ಮೇಲೆ ಸಹಿ ಹಾಕಿಸಿಕೊಂಡ್ರೂ ಆ ಪಾಲು ಹೋಗಲ್ಲ.

ಹಕ್ಕು ಇರೋದು ಬೇರೆ, ಅದನ್ನ ಕೇಳೋ ತಾಕತ್ತು ಬೇರೆ. 2022ರ ನವೆಂಬರಲ್ಲಿ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್, ತಮ್ಮ ಕೆಜಿಎಫ್-2 ಹಾಡನ್ನ ಭಾರತ್ ಜೋಡೋ ಯಾತ್ರೆ ವಿಡಿಯೋದಲ್ಲಿ ಬಳಸಿದ್ದಾರೆ ಅಂತ ಕೋರ್ಟಿಗೆ ಹೋಯ್ತು. ಕೆಳಗಿನ ಕೋರ್ಟು ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ಬಂದ್ ಮಾಡಿ ಅಂತು. ಆ ಕ್ಲಿಪ್ ತೆಗೀಬೇಕು ಅನ್ನೋ ಷರತ್ತಿನ ಮೇಲೆ ಹೈಕೋರ್ಟ್ ಆ ಆದೇಶ ರದ್ದು ಮಾಡ್ತು. ಒಂದು ಕಂಪನಿ ರಾಷ್ಟ್ರೀಯ ಪಕ್ಷವನ್ನೇ ಕೋರ್ಟಿಗೆ ಎಳೆಯೋಕಾಗುತ್ತೆ. ಆರು ತಿಂಗಳು ರಾತ್ರಿ ನಿದ್ದೆಗೆಟ್ಟು ಹಾಡೋ ಭಾಗವತರು ವಕೀಲರ ಹತ್ತಿರ ಯಾವಾಗ ಹೋಗ್ಬೇಕು?

ಅದಕ್ಕೆ, ಕೋರ್ಟು ಗೀರ್ಟು ಇಲ್ಲದೆ ಆಗೋ ಒಂದೆರಡು ಕೆಲಸ ಹೇಳ್ತೀನಿ. ಪದ್ಯ ಕೇಳುವಾಗ ಚಾನೆಲ್ ಹೆಸರು ನೋಡಿ. ಮೇಳದ್ದೇ, ಕಲಾವಿದರದ್ದೇ ಚಾನೆಲ್ ಇದ್ದರೆ ಅಲ್ಲೇ ಕೇಳಿ, ಆಗ ನಿಮ್ಮ ಜಾಹೀರಾತಿನ ಪಾಲು ಸರಿಯಾದ ಕಡೆ ಹೋಗುತ್ತೆ. ವಾಟ್ಸಾಪಲ್ಲಿ ಕಳಿಸೋದಾದ್ರೆ ಫೈಲ್ ಬದಲು ಅಲ್ಲಿನ ಲಿಂಕ್ ಕಳಿಸಿ. ಕಲಾವಿದರು ನೀವಾದ್ರೆ, ಯೂಟ್ಯೂಬಲ್ಲಿ ಕಾಪಿರೈಟ್ ದೂರಿನ ಫಾರ್ಮ್ ಇದೆ. ತುಂಬೋಕೆ ದುಡ್ಡು ಬೇಡ, ವಕೀಲರೂ ಬೇಡ. ದೂರು ನಿಂತ್ರೆ ವಿಡಿಯೋ ಹೋಗುತ್ತೆ, ಮೂರು ಸ್ಟ್ರೈಕ್ ಆದ್ರೆ ಚಾನೆಲ್ಲೇ ಹೋಗಬಹುದು. ನನ್ನ ಕೇಳಿದ್ರೆ ಅದಕ್ಕಿಂತ ಮೊದಲು ಒಂದು ಫೋನ್ ಮಾಡಿ ಪಾಲು ಕೇಳೋದು ವಾಸಿ. ಅಪ್‌ಲೋಡ್ ಮಾಡೋ ಹುಡುಗರಲ್ಲಿ ಹೆಚ್ಚಿನವರು ಅಭಿಮಾನಿಗಳೇ, ಕೇಳಿದ್ರೆ ಇಲ್ಲ ಅನ್ನಲ್ಲ.

ಇನ್ನೇನು ಮಳೆಗಾಲ ಬರ್ತಿದೆ, ಮೇಳಗಳು ತಿರುಗಾಟ ಮುಗಿಸ್ತವೆ, ತಾಳಮದ್ದಲೆ ಶುರುವಾಗುತ್ತೆ. ಅಲ್ಲಂತೂ ವೇಷವೂ ಇಲ್ಲ, ಬರೀ ಧ್ವನಿ. ರೆಕಾರ್ಡ್ ಮಾಡೋಕೆ ಹೋಗೋರು ಕರಪತ್ರ ಒಮ್ಮೆ ನೋಡಿ, ಸಂಘಟಕರ ನಂಬರ್ ಸಾಮಾನ್ಯವಾಗಿ ಕೆಳಗೇ ಇರುತ್ತೆ.