‘ನಂಗೇನೂ ಆಗಿಲ್ವಲ್ಲ!’

ಮೊನ್ನೆ ಊಟದ ಹೊತ್ತಲ್ಲಿ ನಮ್ಮ ಮಾವ ಹೇಳಿದ್ರು: ‘30 ವರ್ಷ ಹೆಲ್ಮೆಟ್ ಇಲ್ದೆ ಗಾಡಿ ಓಡಿಸಿದ್ದೀನಿ, ಏನಾಯ್ತು?’ ಹೊಸ ಬೈಕ್ ತಗೊಂಡಿರೋ ತಮ್ಮ ಹೌದೌದು ಅಂದ. ನಂಗೆ ಭಯ ಆಯ್ತು.

ಮಾವ ಸುಳ್ಳು ಹೇಳ್ತಿಲ್ಲ. ಆದ್ರೆ ತಲೆಗೆ ಪೆಟ್ಟಾಗಿ ಹೋದವರು ಊಟಕ್ಕೆ ಕೂತು ವಾದ ಮಾಡೋಕೆ ಬರಲ್ಲ. ಉಳಿದವರ ಮಾತಷ್ಟೇ ನಮ್ಮ ಕಿವಿಗೆ ಬೀಳುತ್ತೆ.

ಎರಡನೇ ಮಹಾಯುದ್ಧದಲ್ಲಿ ಗಣಿತಜ್ಞ ಅಬ್ರಹಾಂ ವಾಲ್ಡ್ ಎಚ್ಚರಿಸಿದ್ದೂ ಇದನ್ನೇ. ಮರಳಿ ಬಂದ ವಿಮಾನಗಳ ಗುಂಡಿನ ತೂತು ಎಣಿಸಿದರೆ ಸಾಲದು. ಎಂಜಿನ್‌ಗೆ ಏಟು ಬಿದ್ದ ಹಲವು ಮರಳಿಯೇ ಇರಲ್ಲ.

ತಮ್ಮನ್ನ ಕೇಳಿದೆ: ‘ಏನೂ ಆಗದವರು ಮಾತಾಡಿದ್ರು. ಆದವರನ್ನ ಯಾರು ಕೇಳಿದ್ರು?’ ಸುಮ್ಮನಾದ. ‘ನಂಗೇನೂ ಆಗಿಲ್ವಲ್ಲ’ ಅಂತ ನೀವೇ ಅಂದಾಗಲೂ ಇದನ್ನ ಕೇಳ್ಕೊಳ್ಳಿ.