ಆಟದ ಅಂಗಳಕ್ಕೊಂದು ಸುಂಕದ ಕಟ್ಟೆ

(ಉಪನ್ಯಾಸವೊಂದರ ಪಠ್ಯ)



ಅಂಗಡಿಯಿಂದ ಒಂದು ಕೇರಂ ಹಲಗೆ ಕೊಂಡು ತಂದಿರಿ ಎಂದು ಭಾವಿಸಿ. ಹಲಗೆಗೂ ಕಾಯಿಗಳಿಗೂ ಪೂರ್ತಿ ಬೆಲೆ ಕೊಟ್ಟಾಗಿದೆ. ಒಬ್ಬರೇ ಕುಳಿತು ಆಡಿಕೊಂಡರೆ ಯಾರ ತಕರಾರೂ ಇಲ್ಲ. ಆದರೆ ಬೇರೆ ಊರಿನ ಗೆಳೆಯನೊಡನೆ ಆಡಬೇಕೆಂದರೆ ಹಲಗೆ ತಯಾರಿಸಿದ ಕಂಪನಿಗೆ ವರ್ಷಕ್ಕಿಷ್ಟು ಎಂದು ಹಣ ಕಟ್ಟಬೇಕು. ಗೆಳೆಯನೂ ತನ್ನ ಪಾಲಿನದನ್ನು ಪ್ರತ್ಯೇಕವಾಗಿ ಕಟ್ಟಬೇಕು. ಇಂಥ ಕರಾರನ್ನು ಯಾರಾದರೂ ಮುಂದಿಟ್ಟರೆ ನಗು ಬಂದೀತು. ಆದರೆ ವಿಡಿಯೊ ಆಟಗಳ ಲೋಕದಲ್ಲಿ 2002ರಿಂದ ಹೆಚ್ಚುಕಡಿಮೆ ಇದೇ ಕರಾರು ನಡೆದುಕೊಂಡು ಬಂದಿದೆ; ಕೋಟ್ಯಂತರ ಜನ ಅದನ್ನು ಒಪ್ಪಿಕೊಂಡಿದ್ದಾರೆ. ಇದು ಹೇಗೆ ಸಾಧ್ಯವಾಯಿತು ಎಂಬುದೇ ಇಂದಿನ ವಿಷಯ.

ಟೀವಿಗೆ ಜೋಡಿಸಿ ಆಡುವ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಸೋನಿಯ ಪ್ಲೇಸ್ಟೇಷನ್, ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್, ನಿಂಟೆಂಡೊದ ಸ್ವಿಚ್ ಇವು ಇಂದಿನ ಮೂರು ದೊಡ್ಡ ಹೆಸರುಗಳು. ಒಂದೇ ಕೋಣೆಯಲ್ಲಿ, ಒಂದೇ ಟೀವಿಯ ಮುಂದೆ ಇಬ್ಬರೋ ನಾಲ್ವರೋ ಕುಳಿತು ಆಡುವುದಕ್ಕೆ ಎಂದೂ ಪ್ರತ್ಯೇಕ ಶುಲ್ಕ ಇರಲಿಲ್ಲ, ಇಂದಿಗೂ ಇಲ್ಲ. ಶುಲ್ಕದ ಪ್ರಶ್ನೆ ಎದ್ದದ್ದು ಆಟಗಾರರು ಬೇರೆ ಬೇರೆ ಮನೆಗಳಲ್ಲಿದ್ದು, ತಂತಿಯ ಮೂಲಕ ಕೂಡಿ ಆಡತೊಡಗಿದಾಗ.

ಮೊದಮೊದಲು ಈ ಶುಲ್ಕಕ್ಕೆ ಕಾರಣ ಸ್ಪಷ್ಟವಾಗಿತ್ತು. ಅಮೆರಿಕದಲ್ಲಿ 1994ರಲ್ಲಿ ಕ್ಯಾಟಪಲ್ಟ್ ಎಂಟರ್‌ಟೇನ್‌ಮೆಂಟ್ ಎಂಬ ಕಂಪನಿ ಎಕ್ಸ್‌ಬ್ಯಾಂಡ್ ಎಂಬ ಮೋಡೆಮ್ ತಂದಿತು. ಅದನ್ನು ಸೆಗಾ ಕಂಪನಿಯ ಜೆನೆಸಿಸ್ ಯಂತ್ರಕ್ಕೆ ಸಿಕ್ಕಿಸಿ, ಮನೆಯ ದೂರವಾಣಿ ತಂತಿಗೆ ಜೋಡಿಸಿದರೆ ದೂರದ ಎದುರಾಳಿಯೊಡನೆ ಆಡಬಹುದಿತ್ತು. ತಿಂಗಳಿಗಿಷ್ಟು ಶುಲ್ಕ. 1997ರಲ್ಲಿ ಆ ಸೇವೆ ನಿಂತಿತು. ಬಳಿಕ ಸೆಗಾ ಕಂಪನಿಯೇ 1999ರಲ್ಲಿ ಮೋಡೆಮ್ ಒಳಗೊಂಡ ಡ್ರೀಮ್‌ಕಾಸ್ಟ್ ಯಂತ್ರವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿತು. 2000ದಲ್ಲಿ ಆರಂಭವಾದ ಅದರ ಸೆಗಾನೆಟ್ ಸೇವೆಗೆ ತಿಂಗಳಿಗೆ 21.95 ಡಾಲರ್. ಇದು ದುಬಾರಿ ಎನಿಸಿದರೂ ಒಂದು ಮಾತು ನೆನಪಿಡಬೇಕು: ಆ ಹಣದಲ್ಲಿ ಇಂಟರ್‌ನೆಟ್ ಸಂಪರ್ಕವೇ ಸೇರಿತ್ತು. ಅಂದರೆ ಅದು ತಂತಿಯ ಬಾಡಿಗೆ. 2001ರಲ್ಲಿ ಸೆಗಾ ಕನ್ಸೋಲ್ ತಯಾರಿಕೆಯನ್ನೇ ಕೈಬಿಟ್ಟಿತು.

ಮುಂದೆ ಬಂದದ್ದು ಬೇರೆಯೇ ಬಗೆಯ ಶುಲ್ಕ. ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಲೈವ್ ಸೇವೆಯನ್ನು 2002ರ ನವೆಂಬರ್ 15ರಂದು ಅಮೆರಿಕದಲ್ಲಿ ಆರಂಭಿಸಿತು. ಹನ್ನೆರಡು ತಿಂಗಳ ಚಂದಾ ಮತ್ತು ಆಡುತ್ತಲೇ ಮಾತನಾಡಲು ಒಂದು ಹೆಡ್‌ಸೆಟ್, ಎರಡೂ ಸೇರಿ 49.99 ಡಾಲರ್. ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಆಟಗಾರನೇ ತನ್ನ ಖರ್ಚಿನಲ್ಲಿ ಪಡೆದಿರಬೇಕು. ಯಂತ್ರಕ್ಕೆ ಹಣ, ಆಟದ ಡಿಸ್ಕಿಗೆ ಹಣ, ಇಂಟರ್‌ನೆಟ್ಟಿಗೆ ಹಣ; ಇಷ್ಟೆಲ್ಲ ಆದ ಮೇಲೆ ಬಾಗಿಲು ದಾಟಲು ಮತ್ತೊಂದು ಹಣ. ಸುಂಕದ ಕಟ್ಟೆ ಎದ್ದದ್ದು ಇಲ್ಲಿ.

ಹಾಗಾದರೆ ಜನ ಏಕೆ ಕೊಟ್ಟರು? ಆ ಕಾಲಕ್ಕೆ ಅದು ನಿಜಕ್ಕೂ ಚೆನ್ನಾಗಿತ್ತು ಎಂಬುದೇ ಪ್ರಾಮಾಣಿಕ ಉತ್ತರ. ಅದೇ ವರ್ಷ ಸೋನಿ ತನ್ನ ಪ್ಲೇಸ್ಟೇಷನ್ 2ಕ್ಕೆ 39.99 ಡಾಲರಿನ ಜಾಲ ಜೋಡಣೆಯ ಸಾಧನವನ್ನು ಮಾರಿತು; ಚಂದಾ ಕೇಳಲಿಲ್ಲ. ಆದರೆ ಅಲ್ಲಿ ಒಂದೊಂದು ಆಟದ ವ್ಯವಸ್ಥೆಯನ್ನು ಅದರದರ ಪ್ರಕಾಶಕರೇ ನೋಡಿಕೊಳ್ಳಬೇಕಿತ್ತು. ಎಕ್ಸ್‌ಬಾಕ್ಸ್ ಲೈವ್‌ನಲ್ಲಿಯಾದರೋ ಎಲ್ಲ ಆಟಗಳಿಗೂ ಒಂದೇ ಹೆಸರು, ಒಂದೇ ಗೆಳೆಯರ ಪಟ್ಟಿ, ಒಂದೇ ಕಡೆ ದೂರು. ಮೋಸ ಮಾಡುವವರನ್ನು ಹೊರಹಾಕುವ ಏರ್ಪಾಡೂ ಇತ್ತು. 2004ರ ನವೆಂಬರ್‌ನಲ್ಲಿ ಬಂದ ಹೇಲೋ 2 ಎಂಬ ಆಟ ಸರಿಸಮನಾದ ಎದುರಾಳಿಗಳನ್ನು ತಾನೇ ಹುಡುಕಿ ಜೋಡಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಹಣ ಕಟ್ಟುವವರು ಸಾಮಾನ್ಯವಾಗಿ ಭಾವಿಸುವುದು, ಆಟ ನಡೆಯುವ ದೊಡ್ಡ ಕಂಪ್ಯೂಟರುಗಳ, ಅಂದರೆ ಸರ್ವರುಗಳ, ಖರ್ಚಿಗೆ ಈ ಶುಲ್ಕ ಎಂದು. ಹೇಲೋ 2ರಂಥ ಆಟಗಳಲ್ಲಿ ಪಂದ್ಯ ನಡೆಯುತ್ತಿದ್ದುದು ಆಟಗಾರರಲ್ಲೇ ಒಬ್ಬರ ಮನೆಯ ಯಂತ್ರದಲ್ಲಿ. ಆ ಯಂತ್ರವೇ ತಾತ್ಕಾಲಿಕವಾಗಿ ಸರ್ವರ್; ಉಳಿದವರು ಅದಕ್ಕೆ ಜೋಡಿಕೊಳ್ಳುತ್ತಿದ್ದರು. ಕಂಪನಿಯ ಸರ್ವರುಗಳು ಆಟಗಾರರ ಗುರುತು ಪರೀಕ್ಷಿಸಿ, ಒಬ್ಬರನ್ನೊಬ್ಬರಿಗೆ ಪರಿಚಯಿಸಿ, ಲೆಕ್ಕಪತ್ರ ಇಡುತ್ತಿದ್ದವು. ಅದೂ ಖರ್ಚಿನ ಕೆಲಸವೇ, ಸಂದೇಹವಿಲ್ಲ. ಆದರೆ ಖರ್ಚೊಂದೇ ಕಾರಣವಾಗಿದ್ದರೆ ಇದೇ ಕೆಲಸ ಬೇರೆ ಕಡೆ ಉಚಿತವಾಗಿ ನಡೆಯುತ್ತಿರಲಿಲ್ಲ.

ಆ ಬೇರೆ ಕಡೆ ಎಂದರೆ ಸಾಮಾನ್ಯ ಕಂಪ್ಯೂಟರು. ಅಲ್ಲಿ 1996ರಷ್ಟು ಹಿಂದೆಯೇ ಬ್ಲಿಜರ್ಡ್ ಕಂಪನಿ ಬ್ಯಾಟಲ್‌ನೆಟ್ ಸೇವೆಯನ್ನು ಉಚಿತವಾಗಿ ಕೊಟ್ಟಿತು. 2003ರಲ್ಲಿ ಆರಂಭವಾದ ಸ್ಟೀಮ್ ಕೂಡ ಕೂಡಿ ಆಡುವುದಕ್ಕೆಂದು ಚಂದಾ ವಿಧಿಸಿಲ್ಲ. ಮೈಕ್ರೊಸಾಫ್ಟ್ 2007ರಲ್ಲಿ ಗೇಮ್ಸ್ ಫಾರ್ ವಿಂಡೋಸ್ ಲೈವ್ ಎಂಬ ಹೆಸರಿನಲ್ಲಿ ಕಂಪ್ಯೂಟರಿಗೂ ಚಂದಾ ಪದ್ಧತಿ ತರಲು ನೋಡಿತು. ಒಂದೇ ವರ್ಷದಲ್ಲಿ, 2008ರ ಜುಲೈನಲ್ಲಿ, ಅದನ್ನು ಉಚಿತ ಮಾಡಬೇಕಾಯಿತು. ಕಾರಣ ಸರಳ. ಕಂಪ್ಯೂಟರ್ ಎಂಬುದು ನಾಲ್ಕೂ ದಿಕ್ಕಿಗೆ ದಾರಿಯಿರುವ ಬಯಲು. ಒಂದು ದಾರಿಗೆ ಗೇಟು ಹಾಕಿದರೆ ಜನ ಪಕ್ಕದ ದಾರಿ ಹಿಡಿಯುತ್ತಾರೆ. ಕನ್ಸೋಲ್ ಹಾಗಲ್ಲ, ಅದು ಒಂದೇ ಬಾಗಿಲಿನ ಕೋಟೆ. ಯಾವ ಆಟ ಒಳಗೆ ಬರಬೇಕು, ಯಾರು ಯಾರೊಡನೆ ಆಡಬೇಕು ಎಂಬುದನ್ನೆಲ್ಲ ತಯಾರಕರೇ ನಿರ್ಧರಿಸುತ್ತಾರೆ.

ಈ ಕೋಟೆಗೆ ತನ್ನದೇ ಅರ್ಥಶಾಸ್ತ್ರವಿದೆ. ಕನ್ಸೋಲನ್ನು ಅಗ್ಗವಾಗಿ ಮಾರಿ, ಆಟಗಳ ಮಾರಾಟದಲ್ಲಿ ಪಾಲು ಪಡೆದು ಲಾಭ ಮಾಡುವುದು ಈ ಉದ್ಯಮದ ಹಳೆಯ ಪದ್ಧತಿ. 2021ರಲ್ಲಿ ಎಪಿಕ್ ಮತ್ತು ಆ್ಯಪಲ್ ಕಂಪನಿಗಳ ನಡುವಿನ ಮೊಕದ್ದಮೆಯಲ್ಲಿ ಮೈಕ್ರೊಸಾಫ್ಟ್‌ನ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ಕಂಪನಿಗೆ ಎಂದೂ ಲಾಭವಾಗಿಲ್ಲ ಎಂದು ಸಾಕ್ಷ್ಯ ನುಡಿದರು. ಆಟಗಾರ ಹೊಸ ಡಿಸ್ಕ್ ಕೊಳ್ಳದಿದ್ದರೂ ವರ್ಷ ವರ್ಷ ತಪ್ಪದೆ ಬರುವ ಚಂದಾ ಹಣ ಅಂಥ ವ್ಯಾಪಾರಕ್ಕೆ ಎಷ್ಟು ಪ್ರಿಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಉಳಿದವರು ಇದನ್ನು ನೋಡುತ್ತಲೇ ಇದ್ದರು. ಸೋನಿಯ ಪ್ಲೇಸ್ಟೇಷನ್ 3 ಬಂದದ್ದು 2006ರಲ್ಲಿ. ಅದರಲ್ಲಿ ಕೂಡಿ ಆಡುವುದು ಉಚಿತವಾಗಿತ್ತು, ಅದೇ ಅದರ ಹೆಮ್ಮೆಯೂ ಆಗಿತ್ತು. 2010ರಲ್ಲಿ ಪ್ಲೇಸ್ಟೇಷನ್ ಪ್ಲಸ್ ಎಂಬ ಚಂದಾ ಬಂದರೂ ಅದು ಕಡ್ಡಾಯವಿರಲಿಲ್ಲ. 2013ರ ಜೂನ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಸೋನಿ ಪ್ಲೇಸ್ಟೇಷನ್ 4ರ ಬೆಲೆ 399 ಡಾಲರ್ ಎಂದು ಸಾರಿತು. ಎದುರಾಳಿಯ ಹೊಸ ಯಂತ್ರಕ್ಕಿಂತ ನೂರು ಡಾಲರ್ ಕಡಿಮೆ. ಹಳೆಯ ಡಿಸ್ಕುಗಳ ಮರುಮಾರಾಟಕ್ಕೂ ಅಡ್ಡಿಯಿಲ್ಲ ಎಂದಿತು. ಸಭೆ ಚಪ್ಪಾಳೆ ತಟ್ಟಿತು. ಅದೇ ದಿನ ತಿಳಿದ ಇನ್ನೊಂದು ಸಂಗತಿ: ಇನ್ನು ಮುಂದೆ ಕೂಡಿ ಆಡಲು ಚಂದಾ ಕಡ್ಡಾಯ. ನಿಂಟೆಂಡೊ ಕೂಡ 2018ರ ಸೆಪ್ಟೆಂಬರ್‌ನಲ್ಲಿ ಇದೇ ದಾರಿ ಹಿಡಿಯಿತು. ಅದರ ದರ ವರ್ಷಕ್ಕೆ 19.99 ಡಾಲರ್, ಇತರರಿಗಿಂತ ಕಡಿಮೆ. ಅಲ್ಲಿಗೆ ಮೂರು ಕೋಟೆಗಳಿಗೂ ಮೂರು ಸುಂಕದ ಕಟ್ಟೆಗಳಾದವು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಆ ಗಾದೆ ಒಮ್ಮೆ ಮಾತ್ರ ಸುಳ್ಳಾಯಿತು. 2021ರ ಜನವರಿ 22ರಂದು ಮೈಕ್ರೊಸಾಫ್ಟ್ ತನ್ನ ಚಂದಾ ದರವನ್ನು ಆರು ತಿಂಗಳಿಗೆ 59.99 ಡಾಲರಿಗೆ ಏರಿಸುವುದಾಗಿ ಪ್ರಕಟಿಸಿತು. ಅಲ್ಲಿಯವರೆಗೆ ಅಷ್ಟೇ ಹಣಕ್ಕೆ ಇಡೀ ವರ್ಷ ಆಡಬಹುದಿತ್ತು. ಆಟಗಾರರ ಆಕ್ರೋಶ ಎಷ್ಟಿತ್ತೆಂದರೆ ಅದೇ ದಿನ ಕಂಪನಿ ಏರಿಕೆಯನ್ನು ಹಿಂತೆಗೆದುಕೊಂಡಿತು. ಅಷ್ಟೇ ಅಲ್ಲ, ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಚಂದಾ ಬೇಡವೆಂದಿತು. ಆ ವರ್ಷದ ಏಪ್ರಿಲ್‌ನಲ್ಲಿ ಅದು ಜಾರಿಗೂ ಬಂತು. ಹೀಗಾಗಿ ಒಂದು ವಿಚಿತ್ರ ಉಳಿದುಕೊಂಡಿತು. ಬಿಟ್ಟಿಯಾಗಿ ಸಿಗುವ ಆಟವನ್ನು ಗೆಳೆಯರೊಡನೆ ಆಡಲು ಹಣ ಬೇಡ. ಪೂರ್ತಿ ಬೆಲೆ ಕೊಟ್ಟು ಕೊಂಡ ಆಟಕ್ಕೆ ಬೇಕು! ಸರ್ವರಿನ ಖರ್ಚಿಗಾಗಿ ಶುಲ್ಕ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ.

ಆದರೆ ಗಾದೆ ಸುಳ್ಳಾದದ್ದು ಆ ಒಂದು ಸಲಕ್ಕೆ. 2023ರ ಸೆಪ್ಟೆಂಬರ್‌ನಲ್ಲಿ ಸೋನಿ ತನ್ನ ಕನಿಷ್ಠ ವಾರ್ಷಿಕ ಚಂದಾವನ್ನು ಅಮೆರಿಕದಲ್ಲಿ 59.99ರಿಂದ 79.99 ಡಾಲರಿಗೆ ಏರಿಸಿತು. ಆ ವರ್ಷದ ಮಾರ್ಚ್ ಕೊನೆಗೆ ಅದರ ಚಂದಾದಾರರು 4.7 ಕೋಟಿಗೂ ಹೆಚ್ಚು. ಭಾರತದಲ್ಲಿ ಕೊಂಡ ಯಂತ್ರಕ್ಕೂ ಇದೇ ಕಡ್ಡಾಯವಿದೆ. ಚಂದಾದ ಜೊತೆಗೆ ಆಗಾಗ ಕೆಲವು ಆಟಗಳನ್ನು ಕೊಡುತ್ತಾರೆ ಎಂಬುದು ನಿಜ. ಆದರೆ ಪ್ಲೇಸ್ಟೇಷನ್ ಪ್ಲಸ್‌ನ ಮಾಸಿಕ ಆಟಗಳು ಚಂದಾ ಇರುವಷ್ಟು ದಿನ ಮಾತ್ರ. ನಿಂತರೆ ಅವೂ ಬೀಗ ಹಾಕಿಕೊಳ್ಳುತ್ತವೆ.

ಹಾಗಾದರೆ ಆಟಗಾರ ಕೊಳ್ಳುತ್ತಿರುವುದಾದರೂ ಏನನ್ನು? ಯಂತ್ರ ಕಂಪನಿಯದು, ಜಾಲವೂ ಕಂಪನಿಯದು. ಆದರೆ ಈ ಸೇವೆಗೆ ನಿಜವಾದ ಬೆಲೆ ತಂದುಕೊಡುವುದು ಆ ಕಡೆ ಕುಳಿತ ಇನ್ನೊಬ್ಬ ಆಟಗಾರ. ಅವನೂ ಚಂದಾ ಕಟ್ಟಿಯೇ ಬಂದವನು. ಗೆಳೆಯರೆಲ್ಲ ಒಂದು ಕೋಟೆಯೊಳಗಿದ್ದರೆ ಹೊರಗುಳಿಯುವುದು ಯಾವ ಹುಡುಗನಿಗೂ ಕಷ್ಟ. ಹೀಗೆ ಒಬ್ಬರ ಇರವು ಇನ್ನೊಬ್ಬರನ್ನು ಕಟ್ಟಿಹಾಕುತ್ತದೆ. ಕಂಪನಿ ಮಾರುತ್ತಿರುವ ಸರಕನ್ನು ತಯಾರಿಸಿದವರು ಅದನ್ನು ಕೊಳ್ಳುವವರೇ ಎಂದರೆ ತಪ್ಪಾಗದು.

ಹಳೆಯ ಎಕ್ಸ್‌ಬಾಕ್ಸ್‌ನ ಲೈವ್ ಸೇವೆಯನ್ನು ಮೈಕ್ರೊಸಾಫ್ಟ್ 2010ರ ಏಪ್ರಿಲ್ 15ರಂದು ನಿಲ್ಲಿಸಿತು. ಆಗ ಹೇಲೋ 2 ಆಡುತ್ತಿದ್ದ ಕೆಲವರು ಯಂತ್ರ ಆರಿಸಲಿಲ್ಲ. ಒಮ್ಮೆ ಸಂಪರ್ಕ ಕಡಿದರೆ ಮತ್ತೆ ಒಳಬರುವಂತಿಲ್ಲ ಎಂದು ಗೊತ್ತಿದ್ದ ಅವರು ಹಗಲೂ ರಾತ್ರಿ ಯಂತ್ರಗಳನ್ನು ಉರಿಸುತ್ತಲೇ ಇದ್ದರು. ಒಬ್ಬೊಬ್ಬರಾಗಿ ಕಳಚಿಕೊಂಡು, ಕೊನೆಯವರು ಹೊರಬಿದ್ದದ್ದು ಮೇ ತಿಂಗಳಲ್ಲಿ. ಅವರೆಲ್ಲ ಚಂದಾ ಕಟ್ಟಿದವರೇ. ಆದರೆ ಕಟ್ಟಿದ ಹಣ ಅವರಿಗೆ ಅಂಗಳದ ಮೇಲೆ ಯಾವ ಹಕ್ಕನ್ನೂ ಕೊಟ್ಟಿರಲಿಲ್ಲ.

ಈಗ ಆ ಹಕ್ಕಿನ ಮಾತು ಕೇಳಿಬರುತ್ತಿದೆ. 2024ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಕಂಪನಿ ದಿ ಕ್ರೂ ಎಂಬ ಆಟದ ಸರ್ವರುಗಳನ್ನು ಮುಚ್ಚಿದಾಗ, ಕೊಂಡವರ ಕೈಯಲ್ಲಿದ್ದ ಡಿಸ್ಕ್ ನಿರುಪಯೋಗಿಯಾಯಿತು. ಅದರಿಂದ ಹುಟ್ಟಿದ ಚಳವಳಿಯ ಮನವಿಗೆ ಯೂರೋಪಿನಲ್ಲಿ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮಾರಿದ ಆಟವನ್ನು ಆಡಲು ಬಾರದಂತೆ ಮಾಡಬೇಡಿ ಎಂಬುದಷ್ಟೇ ಅವರ ಕೋರಿಕೆ. ಸುಂಕ ಕೊಟ್ಟವನಿಗೆ ದಾರಿಯ ಮೇಲೆ ಎಷ್ಟು ಅಧಿಕಾರ ಎಂಬ ಪ್ರಶ್ನೆಯನ್ನು ಇಪ್ಪತ್ತು ವರ್ಷ ತಡವಾಗಿಯಾದರೂ ಆಟಗಾರರು ಕೇಳತೊಡಗಿದ್ದಾರೆ. ಇದು ಆಟದ ಹುಡುಗರ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಹಾಡು, ಸಿನಿಮಾ, ಪುಸ್ತಕಗಳನ್ನು ಚಂದಾ ಕಟ್ಟಿ ಪಡೆಯುತ್ತಿರುವ ಎಲ್ಲರಿಗೂ ಅದು ಇಂದಲ್ಲ ನಾಳೆ ಎದುರಾಗುವಂಥದು.