ಮನೆಯ ಮರ್ಯಾದೆಯೂ ರಾಜ್ಯದ ಕಾಯದೆಯೂ

(ಆಲಮೇಲದಲ್ಲಿ ಜರುಗಿದ ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಮಹೋತ್ಸವದ ದಿನ ಇಂಥ ವಿಷಯವನ್ನೇಕೆ ಎತ್ತಬೇಕೆಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಮೊದಲು ನನಗೂ ಹಾಗೆಯೇ ಅನಿಸಿತು. ಆದರೆ ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣುಮಗಳು ಮೊದಲು ತವರಿಗೆ ಬರುವಳು. ತವರಿನವರು ಅವಳನ್ನು ಕರೆದುಕೊಂಡು ಮಠಕ್ಕೆ ಬರುವರು. ಪೋಲೀಸ ಠಾಣೆಗಾಗಲಿ ಕೋರ್ಟಿಗಾಗಲಿ ಹೋಗುವದು ಎಲ್ಲಕ್ಕೂ ಕಡೆಗೆ. ಹೀಗಿರುವಾಗ ಈ ಮಾತನ್ನು ಮಠದ ಅಂಗಳದಲ್ಲಿ ಆಡದೆ ಮತ್ತೆಲ್ಲಿ ಆಡಬೇಕು? ವಕೀಲಿಯಲ್ಲಿ ಕೂದಲು ನರೆತವನಾದುದರಿಂದ, ಈ ಕುರಿತು ಸರಕಾರದ ಕಾಯದೆ ಏನಿರುವದು, ಅದು ನಮ್ಮ ಹಳ್ಳಿಗಳ ವರೆಗೆ ಹೇಗೆ ಬಂದು ಮುಟ್ಟುವದು, ಎಲ್ಲಿ ಮುಟ್ಟದೆ ನಿಲ್ಲುವದು ಎಂಬುದನ್ನು ತಿಳಿದಮಟ್ಟಿಗೆ ಅರಿಕೆ ಮಾಡಿಕೊಳ್ಳುವೆನು.

ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಭೀಮಾತೀರದ ಒಂದು ಹಳ್ಳಿಯಲ್ಲಿ ಗಂಡಹೆಂಡಿರ ನ್ಯಾಯ ಬಗೆಹರಿಸಲು ಹಿರಿಯರು ಕಟ್ಟೆಯ ಮೇಲೆ ಕೂಡಿದ್ದರು. ಓದಿದವನೆಂದು ನನ್ನನ್ನೂ ಕರೆಸಿದ್ದರು. ಆ ಹುಡುಗಿ ತವರಿಗೆ ಓಡಿಬಂದುದು ಅದು ಮೂರನೆಯ ಸಲ. ಎಡಗೈಗೆ ಪಟ್ಟಿ ಕಟ್ಟಿತ್ತು. ಗಂಡನನ್ನು ಕೇಳಲಾಗಿ, ಹೊತ್ತಿಗೆ ಸರಿಯಾಗಿ ಹೊಲಕ್ಕೆ ಬುತ್ತಿ ಬರಲಿಲ್ಲವೆಂದನು. ಅಷ್ಟೇ ಸಾಕಾಯಿತು. ಬುತ್ತಿ ಏಕೆ ತಡವಾಯಿತು, ಅತ್ತೆ ಎಲ್ಲಿದ್ದಳು, ಹಿಟ್ಟು ಬೀಸಿತ್ತೋ ಇಲ್ಲವೋ ಎಂದು ಮಧ್ಯಾಹ್ನವೆಲ್ಲ ಚರ್ಚೆ ನಡೆಯಿತು. ಕೈ ಹೇಗೆ ಮುರಿಯಿತೆಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಹೊಂದಿಕೊಂಡು ಹೋಗಿರೆಂದು ಎಲೆಯಡಿಕೆ ಕೊಟ್ಟು ಕಳುಹಿಸಿದೆವು. ಅವಳು ನಾಲ್ಕನೆಯ ಸಲ ಬರಲಿಲ್ಲ. ಕಾಲು ಜಾರಿ ಬಾವಿಯಲ್ಲಿ ಬಿದ್ದಳೆಂದು ಪಂಚನಾಮೆಯಾಯಿತು. ಆ ಕಟ್ಟೆಯ ಮೇಲೆ ಕಾಯದೆ ಬಲ್ಲವನು ನಾನೊಬ್ಬನೇ ಇದ್ದೆನು.

ಕಾಯದೆ ಆಗಲೂ ಇರಲಿಲ್ಲವೆಂದಲ್ಲ. ನಮ್ಮ ವಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, ೧೯೪೬ರಲ್ಲಿ, ಗಂಡನ ಕ್ರೌರ್ಯಕ್ಕೆ ಗುರಿಯಾದ ಹಿಂದೂ ಸ್ತ್ರೀಯು ಬೇರೆ ವಾಸವಾಗಿದ್ದು ಜೀವನಾಂಶ ಪಡೆಯಬಹುದೆಂದು ಕಾಯದೆಯಾಯಿತು. ಮರುವರ್ಷ ಮುಂಬಯಿ ಸರಕಾರವು ಹಿಂದೂಗಳ ವಿವಾಹವಿಚ್ಛೇದನದ ಕಾಯದೆಯನ್ನು ಮಾಡಿತು. ೧೯೫೫ರ ಹಿಂದೂ ವಿವಾಹ ಕಾಯದೆಯಂತೂ ತಾನು ಯಾರಾರಿಗೆ ಅನ್ವಯಿಸುವದೆಂದು ಹೇಳುವಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿರುವದು. ಆದಕಾರಣ ಇದು ಪರರ ಮನೆಯ ಮಾತೆಂದು ನಾವು ಸುಮ್ಮನೆ ಕೂಡುವಂತಿಲ್ಲ. ಹೆಂಡತಿಯನ್ನು ಕ್ರೌರ್ಯದಿಂದ ನಡೆಸಿಕೊಳ್ಳುವದು ೧೯೮೩ರಿಂದ ಮೂರು ವರ್ಷಗಳ ವರೆಗೆ ಸೆರೆಮನೆಯ ಶಿಕ್ಷೆಗೆ ಪಾತ್ರವಾದ ಅಪರಾಧವಾಗಿದೆ. ಹಳೆಯ ದಂಡಸಂಹಿತೆಯಲ್ಲಿ ೪೯೮-ಎ ಎಂದು ಹೆಸರಾಗಿದ್ದ ಆ ಕಲಮು ೨೦೨೪ನೆಯ ಜುಲೈ ೧ರಿಂದ ಭಾರತೀಯ ನ್ಯಾಯಸಂಹಿತೆಯ ೮೫ನೆಯ ಕಲಮಾಗಿರುವದು.

ಆದರೆ ಇವುಗಳಲ್ಲಿ ಒಂದು ಕೊರತೆ ಇತ್ತು. ಒಂದು ಕಾಯದೆ ಗಂಡನನ್ನು ಸೆರೆಗೆ ಕಳುಹಿಸುವದು, ಇನ್ನೊಂದು ಮದುವೆಯನ್ನು ಹರಿಯುವದು. ಈ ರಾತ್ರಿ ಎಲ್ಲಿ ಮಲಗಬೇಕು, ನಾಳೆ ಮಕ್ಕಳಿಗೆ ಏನು ಉಣಿಸಬೇಕು ಎಂದು ಕೇಳುವವಳಿಗೆ ಅವುಗಳಲ್ಲಿ ಬೇಗನೆ ಸಿಗುವ ಉತ್ತರವಿರಲಿಲ್ಲ. ನಾನು ಕಂಡ ಹೆಣ್ಣುಮಕ್ಕಳಲ್ಲಿ ಬಹುಜನರು ಗಂಡನಿಗೆ ಸೆರೆಯಾಗಲೆಂದು ಬಯಸಿದವರಲ್ಲ, ಸಂಸಾರ ಒಡೆಯಲೆಂದು ಬಯಸಿದವರೂ ಅಲ್ಲ. ಹೊಡೆತ ನಿಲ್ಲಲಿ, ಅಷ್ಟೇ. ಈ ಬಯಕೆಗೆ ತಕ್ಕ ಕಾಯದೆಯು ೨೦೦೫ರಲ್ಲಿ ರಚಿತವಾಗಿ ೨೦೦೬ನೆಯ ಅಕ್ಟೋಬರ ೨೬ರಿಂದ ಜಾರಿಗೆ ಬಂದಿತು.

ಕೈಯಿಂದ ಹೊಡೆಯುವದೊಂದೇ ಹಿಂಸೆಯಲ್ಲವೆಂದು ಈ ಕಾಯದೆ ಹೇಳುವದು. ಮಕ್ಕಳಾಗಲಿಲ್ಲ, ಗಂಡು ಹುಟ್ಟಲಿಲ್ಲ ಎಂದು ಹಂಗಿಸುವದು, ಮನೆಯ ಖರ್ಚಿಗೆ ಕೊಡದಿರುವದು, ಅವಳ ಸ್ತ್ರೀಧನವನ್ನು ಕೇಳದೆ ಮಾರುವದು, ಇವೆಲ್ಲವೂ ಹಿಂಸೆಯೇ. ಹೊಡೆಯಕೂಡದೆಂದು ಮ್ಯಾಜಿಸ್ಟ್ರೇಟರು ಗಂಡನಿಗೆ ಆಜ್ಞೆ ಮಾಡಬಹುದು. ಅವಳನ್ನು ಮನೆಯಿಂದ ಹೊರಗೆ ಹಾಕಕೂಡದೆಂದು, ಬೇಕಾದರೆ ಅವನೇ ಮನೆ ಬಿಡಬೇಕೆಂದೂ ಹೇಳಬಹುದು. ಮನೆ ತನ್ನ ಹೆಸರಿನಲ್ಲಿಲ್ಲ, ತಂದೆಯ ಹೆಸರಿನಲ್ಲಿದೆ ಎಂದು ಗಂಡನು ಹೇಳಿ ಪಾರಾಗುತ್ತಿದ್ದ ಕಾಲವೊಂದಿತ್ತು. ಸೊಸೆಯಾಗಿ ಬಂದು ಬಾಳಿದ ಮನೆ ಮಾವನದಾದರೂ ಅಲ್ಲಿ ವಾಸಿಸುವ ಹಕ್ಕನ್ನು ಅವಳು ಕೇಳಬಹುದೆಂದು ೨೦೨೦ನೆಯ ಅಕ್ಟೋಬರದಲ್ಲಿ ಸುಪ್ರೀಮ ಕೋರ್ಟು ತೀರ್ಪಿತ್ತಿತು. ರಕ್ಷಣೆಯ ಆಜ್ಞೆಯನ್ನು ಮುರಿದವನಿಗೆ ಮಾತ್ರ ಒಂದು ವರ್ಷದ ವರೆಗೆ ಸೆರೆ, ಇಲ್ಲವೆ ೨೦,೦೦೦ ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ. ಸುಳ್ಳು ಫಿರ್ಯಾದಿಗಳೂ ಇರುವವಲ್ಲ ಎಂದು ಕೇಳುವರುಂಟು. ಇರಬಹುದು. ಕಾರಣ ಬರೆಯದೆ ಯಾರನ್ನೂ ಹಾಗೆಯೇ ಕೈದು ಮಾಡಕೂಡದೆಂದು ಸುಪ್ರೀಮ ಕೋರ್ಟು ೨೦೧೪ರಲ್ಲಿಯೇ ಪೋಲೀಸರಿಗೆ ಕಟ್ಟು ಮಾಡಿರುವದು. ಈ ೨೦೦೫ರ ಕಾಯದೆಯಲ್ಲಿ ಮೊದಲಿಗೆ ಸೆರೆಯ ಮಾತೇ ಇಲ್ಲ.

ಇದರ ನಿಯಮಾವಳಿಯಲ್ಲಿ ಒಂದು ಮಾತುಂಟು. ಅದನ್ನು ಓದಿದ ದಿನ ನನಗೆ ಆ ಕಟ್ಟೆ ನೆನಪಾಗಿ ರಾತ್ರಿ ನಿದ್ರೆ ಬರಲಿಲ್ಲ. ಮ್ಯಾಜಿಸ್ಟ್ರೇಟರು ಗಂಡಹೆಂಡಿರನ್ನು ಆಪ್ತ ಸಮಾಲೋಚಕರ ಬಳಿಗೆ ಕಳುಹಿಸಿದಾಗ, ತಾನು ಏಕೆ ಹೊಡೆದೆನೆಂಬುದಕ್ಕೆ ಗಂಡನು ಅಲ್ಲಿ ಸಮರ್ಥನೆ ಹೇಳಗೊಡಬಾರದು. ಇನ್ನು ಮುಂದೆ ಹಾಗೆ ಮಾಡುವದಿಲ್ಲವೆಂದು ಅವನು ಮಾತು ಕೊಡಬೇಕು. ರಾಜಿ ಅವಳು ಬಯಸಿದರೆ ಮಾತ್ರ. ಬುತ್ತಿ ತಡವಾಯಿತೆಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ. ನಾವು ಹಿರಿಯರೆನಿಸಿಕೊಂಡವರು ಒಂದು ಮಧ್ಯಾಹ್ನವೆಲ್ಲ ಅದನ್ನೇ ಜಗಿದಿದ್ದೆವು!

ಈಗ, ಇದೆಲ್ಲ ಊರಿಗೆ ಬರುವ ದಾರಿ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೇ ಈ ಕಾಯದೆಯ ಸಂರಕ್ಷಣಾಧಿಕಾರಿಗಳನ್ನಾಗಿ ನೇಮಿಸಿರುವರು. ನಮ್ಮ ತಾಯಂದಿರು ಬಲ್ಲ ಅಂಗನವಾಡಿಯ ಮೇಲಧಿಕಾರಿಗಳೇ ಇವರು. ನಡೆದುದನ್ನು ಕೇಳಿ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸುವದು, ಗಾಯವಾಗಿದ್ದರೆ ದವಾಖಾನೆಗೆ, ನೆಲೆಯಿಲ್ಲದಿದ್ದರೆ ಆಶ್ರಯಕ್ಕೆ ಸೇರಿಸುವದು ಇವರ ಕರ್ತವ್ಯ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ೧೯೮೭ರ ಕಾಯದೆಯ ಮೇರೆಗೆ ಸ್ತ್ರೀಯರಿಗೆ, ವರಮಾನ ಎಷ್ಟೇ ಇರಲಿ, ಸರಕಾರದ ಖರ್ಚಿನಿಂದಲೇ ವಕೀಲರು ದೊರೆಯುವರು. ಜಿಲ್ಲೆಯಲ್ಲಿ ‘ಸಖಿ’ ಎಂಬ ಕೇಂದ್ರವಿದ್ದು, ಅಲ್ಲಿ ಔಷಧೋಪಚಾರ, ಪೋಲೀಸರ ನೆರವು, ಕಾನೂನಿನ ಸಲಹೆ, ಕೆಲವು ದಿನಗಳ ವಸತಿ ಇವು ಒಂದೆಡೆ ಸಿಗುವವು. ೧೮೧ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಹಾಯವಾಣಿ; ಜೀವಕ್ಕೆ ಅಪಾಯವಿದ್ದರೆ ೧೧೨. ೨೦೨೩ನೆಯ ಜೂನ ೧೧ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣ ಉಚಿತವಾದುದನ್ನು ಕೆಲವರು ಹಾಸ್ಯ ಮಾಡುವರು. ಸಿಂದಗಿಯ ಕೋರ್ಟಿಗೆ ಹೋಗಲು ಗಂಡನ ಕಿಸೆಯನ್ನೇ ತಡಕಬೇಕಾಗಿದ್ದವಳು ನಗುವದಿಲ್ಲ.

ಕಾಯದೆಯೆಲ್ಲ ಬೆಣ್ಣೆಯಂತೆ ನಡೆದಿದೆ ಎಂದು ನಾನು ಹೇಳಲಾರೆನು. ಮೊದಲನೆಯ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ತೀರ್ಮಾನ ೬೦ ದಿನಗಳೊಳಗೆ ಆಗತಕ್ಕದ್ದೆಂದು ಬರೆದಿರುವದು. ಅರುವತ್ತು ದಿನಗಳು ವರ್ಷಗಳಾದುದನ್ನು ನಾನೇ ಕಂಡಿರುವೆನು. ನೂರಾರು ಅಂಗನವಾಡಿಗಳ ಭಾರ ಹೊತ್ತ ಅಧಿಕಾರಿಯ ತಲೆಯ ಮೇಲೆಯೇ ಈ ಕೆಲಸವನ್ನೂ ಹೊರಿಸಿದ ಮೇಲೆ ಎರಡರಲ್ಲೊಂದು ಸೊರಗದೆ ಇರದು. ಆದರೆ ಅಧಿಕಾರಿಗಳನ್ನು ದೂರುವ ಮೊದಲು ಈ ಲೆಕ್ಕವನ್ನು ಕೇಳಿರಿ. ೨೦೧೯-೨೦ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕರ್ನಾಟಕದಲ್ಲಿ ವಿಚಾರಿಸಿದಾಗ, ಮದುವೆಯಾದ ೧೮ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೪೪.೪ ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದ್ದಾಗಿ ಹೇಳಿದರು. ೨೦೧೫-೧೬ರಲ್ಲಿ ಅದು ೨೦.೬ ಇತ್ತು. ಹೊಡೆತ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಇದೇ ಸಮೀಕ್ಷೆಯಲ್ಲಿ ಇಡೀ ದೇಶದ ಲೆಕ್ಕ ನೋಡಿದರೆ, ಪೆಟ್ಟು ತಿಂದವರಲ್ಲಿ ನೂರಕ್ಕೆ ೧೪ ಮಂದಿ ಮಾತ್ರ ಯಾರದಾದರೂ ನೆರವು ಬೇಡಿದವರು. ಅವರಲ್ಲಿಯೂ ಹೆಚ್ಚಿನವರು ಬೇಡಿದುದು ತಮ್ಮ ಮನೆಯವರನ್ನೇ. ಉಳಿದವರ ಮನೆಯ ಬಾಗಿಲಿಗೆ ಯಾವ ಅಧಿಕಾರಿಯೂ ತಾನಾಗಿ ಬರಲಾರನು.

ಅದಕ್ಕಾಗಿಯೇ ಈ ಕಾಯದೆಯ ೪ನೆಯ ಕಲಮು ನಮ್ಮೆಲ್ಲರ ಕಡೆಗೆ ತಿರುಗಿ ನಿಂತಿದೆ. ಅವಳೇ ಬಂದು ಹೇಳಬೇಕೆಂದಿಲ್ಲ. ಹಿಂಸೆ ನಡೆದಿದೆ, ನಡೆಯುವಂತಿದೆ ಎಂದು ನಂಬಲು ಕಾರಣವುಳ್ಳ ಯಾವನೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವನ ಮೇಲೆ ಯಾವ ದಾವೆಯೂ ನಿಲ್ಲದು. ನೆರೆಯವನು ತಿಳಿಸಬಹುದು, ಮಾಸ್ತರರು ತಿಳಿಸಬಹುದು, ಮಠದವರು ತಿಳಿಸಬಹುದು. ಮನೆಯ ಮರ್ಯಾದೆ ಹೋಗುವದೆಂದು ಹೇಳುವವರಿಗೆ ನಾನು ಇಷ್ಟೇ ಕೇಳುವೆನು: ಕೈ ಮುರಿದ ದಿನ ಹೋಗದ ಮರ್ಯಾದೆ, ವರದಿ ಬರೆದ ದಿನ ಹೇಗೆ ಹೋಗುವದು?

ಶ್ರೀಗಳವರಲ್ಲಿ ನನ್ನ ಬಿನ್ನಹ ದೊಡ್ಡದಲ್ಲ. ಮಠಕ್ಕೆ ಬಂದವಳನ್ನು ಸಮಾಧಾನ ಹೇಳಿ ಹಿಂದಕ್ಕೆ ಕಳುಹಿಸುವ ಮುಂಚೆ, ಗಂಡನ ಎದುರಿಗಲ್ಲದೆ, ಹೆಂಗಸರೊಬ್ಬರನ್ನು ಕೂಡಿಸಿ ಅವಳ ಮಾತನ್ನು ಕೇಳಿಸಬೇಕು. ದಾಸೋಹದ ಮನೆಯ ಗೋಡೆಯ ಮೇಲೆ ೧೮೧, ೧೧೨ ಎಂಬ ಅಂಕಿಗಳನ್ನು ದೊಡ್ಡದಾಗಿ ಬರೆಯಿಸಬೇಕು; ಓದು ಬಾರದವರಿಗೆ ಉಣಬಡಿಸುವಾಗ ಬಾಯಿಂದ ಹೇಳಬೇಕು. ಅಧಿಕಾರಿಗಳ ಕಚೇರಿಗೂ ಕೋರ್ಟಿಗೂ ಜೊತೆಯಾಗಿ ಹೋಗಲು, ದಿನಕ್ಕೊಬ್ಬರಂತೆ, ಭಕ್ತರ ಹೆಸರುಗಳು ಮಠದಲ್ಲಿರಬೇಕು. ಸೋಮವಾರಕ್ಕೆ ನನ್ನ ಹೆಸರನ್ನು ಬರೆದುಕೊಳ್ಳಬೇಕೆಂದು ಪ್ರಾರ್ಥಿಸುವೆನು. ಉಳಿದ ದಿನಗಳಿಗೆ ಹೆಸರು ಕೊಡುವವರು ಪ್ರಸಾದವಾದ ಬಳಿಕ ಇಲ್ಲಿಯೇ ನನ್ನನ್ನು ಕಾಣಬೇಕು.